ಇಬ್ಬರು ಹಿಡಿದ ಸ್ವರ

"ಗುರುಗಳೇ, ಸಂಜೆಯ ಭಜನೆಯಲ್ಲಿ ಎಲ್ಲರೂ ಒಂದೇ ಸ್ವರ ಹಿಡಿಯುತ್ತೇವೆ. ಅಷ್ಟು ಕಂಠಗಳ ನಡುವೆ ನನ್ನದು ನನಗೇ ಕೇಳಿಸುವುದಿಲ್ಲ. ನಾನೊಬ್ಬ ಹಾಡದಿದ್ದರೆ ಏನು ಕಡಿಮೆಯಾದೀತು?" ಎಂದು ಶಿಷ್ಯ ಕೇಳಿದ. ನಾಳೆಯಿಂದ ಭಜನೆಗೆ ಬರುವುದಿಲ್ಲವೆಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿಯಾಗಿತ್ತು. ಗುರುಗಳು ಹೂಂ ಅನ್ನುವುದೊಂದೇ ಬಾಕಿ.

ಗುರುಗಳು ಹೂಂ ಅನ್ನಲಿಲ್ಲ, ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಲಿಪಿಕಾರನಿದ್ದ. ಜನ ಹಾಡಿದ್ದನ್ನು ಕೇಳಿ ಕಂಪ್ಯೂಟರಿನಲ್ಲಿ ಸ್ವರಲಿಪಿ ಮಾಡಿಕೊಡುವುದು ಅವನ ಕಸುಬು. ಅಚ್ಚುಕಟ್ಟೆಂದರೆ ಅವನಿಗೆ ಪ್ರಾಣ. ಊಟದ ಎಲೆಯಲ್ಲಿ ಪಲ್ಯ ಹೋಗಿ ಕೋಸಂಬರಿಗೆ ತಾಗಿದರೂ ಮುಖ ಸಿಂಡರಿಸುವ ಆಸಾಮಿ.

ಅವನ ಬಳಿಗೆ ಒಬ್ಬ ಮುದುಕಿ ಬಂದಳು. ಆಕೆಯೂ ಆಕೆಯ ತಂಗಿಯೂ ಮದುವೆಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದವರು. ಅರಿಸಿನ ಹಚ್ಚುವಾಗ ಮದುಮಗಳ ಎಡಕ್ಕೊಬ್ಬಳು, ಬಲಕ್ಕೊಬ್ಬಳು ಕೂರುತ್ತಿದ್ದರು. ಅಕ್ಕ ಸಾಲು ಎತ್ತಿಕೊಡುವಳು. ಅದು ಮುಗಿಯುವ ಮೊದಲೇ ತಂಗಿ ಕೆಳಗಿನ ಸ್ವರದಲ್ಲಿ ಬಂದು ಸೇರುವಳು. ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಅಲೆದು, ಸಾಲಿನ ಕೊನೆಗೆ ಒಂದೇ ಸ್ವರದ ಮೇಲೆ ಬಂದು ನಿಲ್ಲುತ್ತಿದ್ದರು. ಈಗ ತಂಗಿ ತೀರಿಕೊಂಡಿದ್ದಳು. ಇಬ್ಬರೂ ಹಾಡಿದ ಒಂದು ರೆಕಾರ್ಡಿಂಗ್ ಮಾತ್ರ ಉಳಿದಿತ್ತು.

"ಇದ್ರಲ್ಲಿ ನನ್ನ ದನಿ ನನಗೇ ಅಡ್ಡ ಬರ್ತದೆ ಕಣಪ್ಪ. ಅವಳದಷ್ಟೇ ಬಿಡಿಸಿಕೊಡು. ಬರೋ ತಿಂಗಳು ಮೊಮ್ಮಗಳ ಅರಿಸಿನ. ತಂಗಿ ಜೊತೆಗೇ ಹಾಡಬೇಕು ಅಂತ ನನಗಾಸೆ" ಎಂದಳು.

ಲಿಪಿಕಾರ ಕೆಲಸಕ್ಕೆ ಕುಳಿತ. ಅವನ ತಂತ್ರಾಂಶದಲ್ಲಿ ಪ್ರತಿಯೊಂದು ಸ್ವರವನ್ನೂ ಇದು ಯಾರದೆಂದು ಹೇಳಿಯೇ ಬರೆಯಬೇಕು. ಅಕ್ಕನದು ಮೊದಲ ದನಿ, ನೀಲಿ ಬಣ್ಣ. ಪಾಶ್ಚಾತ್ಯ ಲಿಪಿಯಂತೆ ಸ್ವರಕ್ಕೊಂದು ಬೊಟ್ಟು, ಆ ಬೊಟ್ಟಿಗೊಂದು ಕಡ್ಡಿ ಮೇಲ್ಮುಖವಾಗಿ. ತಂಗಿಯದು ಎರಡನೆಯ ದನಿ, ಹಸಿರು, ಕಡ್ಡಿ ಕೆಳಮುಖವಾಗಿ. ಸಾಲಿನ ಕೊನೆಗೆ ಬಂದಾಗ ಒಂದೇ ಸ್ವರ ಕೇಳಿಸಿತು. ಕೇಳುವುದೇ ಒಂದು, ಅದನ್ನು ಎರಡು ಸಲ ಬರೆದು ಹಾಳೆ ಯಾಕೆ ಗಲೀಜು ಮಾಡಬೇಕು ಎಂದುಕೊಂಡು ಅಕ್ಕನ ಪಾಲಿಗೆ ಕೊಟ್ಟ. ತಂಗಿಯ ಪಾಲಿನ ಆ ಜಾಗಕ್ಕೆ ಯಂತ್ರ ತಾನಾಗಿಯೇ ಮೌನದ ಗುರುತು ಹಾಕಿತು. ಎರಡೂ ದನಿಗಳನ್ನು ಸೇರಿಸಿ ನುಡಿಸಿ ನೋಡಿದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮುದುಕಿ ಬಂದಾಗ ಅಕ್ಕನ ದನಿಯನ್ನು ಮುಚ್ಚಿ, ತಂಗಿಯದನ್ನಷ್ಟೇ ಯಂತ್ರದ ಕೊಳಲಿನ ನಾದದಲ್ಲಿ ಕೇಳಿಸಿದ. ಆಕೆ ಕಣ್ಣು ಮುಚ್ಚಿ ಜೊತೆಗೆ ಹಾಡಿದಳು. ಮುಖ ಅರಳಿತು. ಸಾಲಿನ ಕೊನೆಗೆ ಬಂದಾಗ ದನಿ ನಡುಗಿ ನಿಂತುಹೋಯಿತು. ಮತ್ತೊಮ್ಮೆ ಹಾಡಿದಳು. ಅಲ್ಲೇ ನಿಂತಿತು.

"ವಯಸ್ಸಾಯ್ತು ನನಗೆ. ಕೊನೆ ಮುಟ್ಟೋಕಾಗ್ತಿಲ್ಲ. ಅರಿಸಿನಕ್ಕೆ ಬೇರೆ ಯಾರನ್ನಾದ್ರೂ ಕರೀಲಿ" ಎಂದು ಎದ್ದು ಹೋದಳು. ವಯಸ್ಸೇ ಇರಬೇಕೆಂದು ಲಿಪಿಕಾರನೂ ನಂಬಿದ. ಆದರೂ ಅವನಿಗೆ ಊಟ ಸೇರಲಿಲ್ಲ.

ಮಧ್ಯಾಹ್ನ ಆ ರೆಕಾರ್ಡಿಂಗ್ ಹಾಕಿಕೊಂಡು ಗೋಡೆಗೆ ಒರಗಿದ. ಜೊಂಪು ಹತ್ತಿತು. ಜೊಂಪಿನಲ್ಲಿ ನೋಡುತ್ತಾನೆ, ಹಸೆಯ ಮೇಲೆ ತಾನೇ ಕುಳಿತಿದ್ದಾನೆ. ಕೆನ್ನೆಯ ಮೇಲೆ ಅರಿಸಿನ ತಣ್ಣಗಿದೆ. ಗಾಳಿಯೆಲ್ಲ ಹಳದಿ. ಎಡಕ್ಕೆ ಅಕ್ಕ, ಬಲಕ್ಕೆ ತಂಗಿ. ಹಾಡು ಎಲ್ಲೆಲ್ಲೋ ಅಲೆದು ಸಾಲಿನ ಕೊನೆಗೆ ಬಂತು. ಎರಡೂ ಕಿವಿಗೆ ಅದೇ ಸ್ವರ ಬಿತ್ತು. ಎಡಗಡೆಯ ಉಸಿರು ಮುಗಿಯುತ್ತಿತ್ತು. ಬಲಗಡೆಯದು ಇನ್ನೂ ಇತ್ತು. ಮುಗಿಯುತ್ತಿದ್ದ ಉಸಿರು ಇನ್ನೊಂದರ ಮೇಲೆ ಮೆಲ್ಲನೆ ಒರಗಿಕೊಂಡು ಕೊನೆ ಮುಟ್ಟಿತು.

ಎಚ್ಚರವಾದಾಗ ಅವನ ಕಣ್ಣು ಒದ್ದೆಯಾಗಿತ್ತು. ಎದ್ದು ಆ ಸ್ವರವನ್ನು ತಂಗಿಯ ಪಾಲಿಗೂ ಬರೆದ. ತೆರೆಯ ಮೇಲೆ ಈಗ ಬೊಟ್ಟು ಒಂದೇ. ಮೇಲಕ್ಕೊಂದು ಕಡ್ಡಿ, ಕೆಳಕ್ಕೊಂದು ಕಡ್ಡಿ. ಎರಡೂ ದನಿ ಸೇರಿಸಿ ನುಡಿಸಿದರೆ ಮೊದಲಿನದಕ್ಕೂ ಈಗಿನದಕ್ಕೂ ಅವನ ಕಿವಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಮುದುಕಿಯ ಮನೆಗೇ ಹೋಗಿ ತಂಗಿಯ ದನಿಯನ್ನು ಕೇಳಿಸಿದ. ಸಾಲಿನ ಕೊನೆ ಬಂದಾಗ ಆಕೆ ಪಕ್ಕಕ್ಕೆ ಕೈ ಚಾಚಿ, ಖಾಲಿ ಜಾಗವನ್ನೇ ಹಿಡಿದುಕೊಂಡು, ಕೊನೆಯ ತನಕ ಹಾಡಿದಳು. ಅರಿಸಿನಕ್ಕೆ ಬೇರೆ ಯಾರನ್ನೂ ಕರೆಯಲಿಲ್ಲ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅವರು ಇದ್ದದ್ದೇ ಇಬ್ಬರು, ಅಕ್ಕನಿಗೆ ತಿಳಿಯಿತು. ನಮ್ಮ ಭಜನೆಯಲ್ಲಿ ಮನೆತುಂಬ ಜನ. ನಾನು ಬಾಯಿ ಮುಚ್ಚಿದರೆ ಯಾರಿಗೆ ತಿಳಿಯುತ್ತದೆ?" ಎಂದ.

ಗುರುಗಳು ಹೇಳಿದರು: "ನಿನ್ನೆ ಭಜನೆಯ ಕೊನೆಯ ನುಡಿಯಲ್ಲಿ ನೀನು ಬಾಯಿ ಮುಚ್ಚಿದೆ, ನನಗೆ ಉಸಿರು ಸಾಲದೆ ಹೋಯಿತು."