ನಡುಮನೆಯವನ ಹಳದಿ

"ಗುರುಗಳೇ, ನಮ್ಮ ಮಠದಲ್ಲಿ ಕಟ್ಟಳೆಗಳು ಅತಿಯಾದವು. ಕೆಲವನ್ನಾದರೂ ತೆಗೆಯಬಾರದೇ?" ಎಂದು ಹಿರಿಯ ಶಿಷ್ಯ ಸಂಗಯ್ಯ ಕೇಳಿದ.

"ಯಾವುದನ್ನು ತೆಗೆಯೋಣ?"

"ಒಬ್ಬ ಪಾಠ ಒಪ್ಪಿಸುವಾಗ ಉಳಿದವರು ಬಾಯಿ ಬಿಡಬಾರದು ಎಂಬುದನ್ನು. ತಪ್ಪು ಕಂಡಲ್ಲೇ ಹೇಳಿದರೆ ಎಲ್ಲರಿಗೂ ಒಳ್ಳೆಯದಲ್ಲವೇ?"

ಹಜಾರದಲ್ಲಿ ಹೊಸದಾಗಿ ಸೇರಿದ ಮರುಳಯ್ಯ ಪಾಠ ಒಪ್ಪಿಸುತ್ತಿದ್ದ. ಅವನ ದನಿ ಕೇಳಲೆಂದೇ ಅಡುಗೆಯವರೂ ಕೈಕೆಲಸ ಬಿಟ್ಟು ನಿಂತಿದ್ದರು. ಗುರುಗಳು ಸ್ವಲ್ಪ ಹೊತ್ತು ಆಲಿಸಿ, "ಕೇಳು" ಎಂದು ಕತೆ ಶುರುಮಾಡಿದರು.

ಒಂದೂರಿನ ಹೊಳೆಯ ದಂಡೆಯಲ್ಲಿ, ನೀರು ಹರಿಯುವ ದಿಕ್ಕಿಗೆ ಒಬ್ಬನ ಕೆಳಗೊಬ್ಬನಂತೆ, ಮೂವರು ಬಣ್ಣಗಾರರಿದ್ದರು. ಮೇಲ್ಮನೆಯವನು ಬಟ್ಟೆಗೆ ನೀಲಿ ಹಾಕುವವನು, ನಡುಮನೆಯವನು ಹಳದಿ, ಕೆಳಮನೆಯವನು ಕೆಂಪು. ಹಗಲು ಬಟ್ಟೆ ತೊಳೆಯುವ ಹೊತ್ತು. ಬಣ್ಣ ಕುದಿಸಿ ಉಳಿದ ಕೊಳೆನೀರನ್ನು ಹೊತ್ತು ಮುಳುಗಿದ ಮೇಲೆಯೇ ಹೊಳೆಗೆ ಚೆಲ್ಲಬೇಕು ಎಂದು ಅಲ್ಲಿ ಕಟ್ಟಳೆ.

ಅರಮನೆಯಲ್ಲಿ ಮದುವೆ ಬಂತು. ಮದುಮಗಳ ಸೀರೆಗಳು ಕೆಳಮನೆಗೆ ಹೋದವು. ನಡುಮನೆಗೆ ಬಂದದ್ದು ದಿಬ್ಬಣದವರ ಹಳದಿ ಪಂಚೆಗಳು. ಅದೇನೂ ಸಣ್ಣ ಕೆಲಸವಲ್ಲ. ಚೆನ್ನಾಗಿ ಮಾಡಿಕೊಟ್ಟರೆ ಅರಮನೆಯ ಕೆಲಸ ಮುಂದೆಯೂ ಸಿಗುತ್ತಿತ್ತು, ಕೆಡಿಸಿದರೆ ಮತ್ತೆ ಆ ಕಡೆ ತಲೆ ಹಾಕುವಂತಿರಲಿಲ್ಲ. ಆದರೆ ಹೊಟ್ಟೆಕಿಚ್ಚಿನವನಿಗೆ ತನ್ನ ಎಲೆಯ ಮೇಲಿನ ಅನ್ನ ಎಲ್ಲಿ ಕಾಣುತ್ತದೆ? "ಅವನ ಕೆಂಪು ಮದುಮಗಳ ಮೈಮೇಲೆ, ನನ್ನ ಹಳದಿ ದೀವಟಿಗೆ ಹಿಡಿಯುವವರ ಸೊಂಟಕ್ಕೆ!" ಎಂದು ಅವನಿಗೆ ಮೈಯೆಲ್ಲ ಉರಿಯಿತು. ಕೆಳದಂಡೆಯಲ್ಲಿ ಒಣಗುವ ಆ ಕೆಂಪನ್ನು ನೋಡಿ ನೋಡಿ ಉಂಡದ್ದು ಮೈಗೆ ಹತ್ತಲಿಲ್ಲ.

ಅದೇ ಹೊತ್ತಿಗೆ ಊರ ಸಭೆ ಕೂತಿತು. ಬೇಡದ ಕಟ್ಟಳೆಗಳನ್ನೆಲ್ಲ ತೆಗೆದುಹಾಕೋಣ ಎಂದು ಹಿರಿಯರು ಡಂಗುರ ಹೊಡೆಸಿದ್ದರು. ಬಟ್ಟೆ ಒಣಹಾಕಲು ತಳವಾರನ ಅಪ್ಪಣೆ ಬೇಕೆಂಬುದು ಹೋಯಿತು. ಮಂಗಳವಾರ ಒಲೆ ಹಚ್ಚಬಾರದೆಂಬುದೂ ಹೋಯಿತು. ಒಳ್ಳೆಯದೇ ಆಯಿತು ಅನ್ನು. ಆಗ ನಡುಮನೆಯವನು ಎದ್ದು ಕೈಮುಗಿದ.

"ಸ್ವಾಮಿ, ಕೊಳೆನೀರಿನ ಕಟ್ಟಳೆಯನ್ನೂ ತೆಗೆಯಿರಿ. ಸಂಜೆಯ ತನಕ ಕಾದು ಕಾದು ಕೆಲಸವೇ ಸಾಗುವುದಿಲ್ಲ. ನನ್ನೊಬ್ಬನಿಗಾಗಿ ಕೇಳುತ್ತಿಲ್ಲ, ಇದು ಎಲ್ಲರ ಕಷ್ಟ."

ಕೆಳಮನೆಯವನು "ತೆಗೆಯಬೇಡಿ, ತೆಗೆಯಬೇಡಿ" ಎಂದ. ಕಟ್ಟಳೆ ತೆಗೆಯುವ ಹುರುಪಿನಲ್ಲಿದ್ದ ಸಭೆಗೆ ಅದು ಕೇಳಿಸಲೇ ಇಲ್ಲ. ಆ ಕಟ್ಟಳೆಯೂ ಹೋಯಿತು.

ಮರುದಿನ ಬೆಳಗ್ಗೆ ನಡುಮನೆಯವನು ಕೊಪ್ಪರಿಗೆಗಟ್ಟಲೆ ಹಳದಿ ಕೊಳೆನೀರು ಚೆಲ್ಲಿದ. ಕೆಳಗೆ ನೀರಿನಲ್ಲಿದ್ದ ಮದುಮಗಳ ಸೀರೆಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗಿದವು. ಕೆಳಮನೆಯವನು ತಲೆಯ ಮೇಲೆ ಕೈಹೊತ್ತು ಕೂತ. ಇವನಿಗೆ ಹಾಲು ಕುಡಿದಷ್ಟು ಸಂತೋಷ. ಆ ಸಂತೋಷದಲ್ಲೇ ಕಣ್ಣನ್ನು ಕೆಳದಂಡೆಯ ಕಡೆಗೇ ಇಟ್ಟು ತನ್ನ ಪಂಚೆಗಳನ್ನು ನೀರಿಗಿಳಿಸಿದ. ಎತ್ತಿ ನೋಡಿದರೆ ಎಲ್ಲವೂ ಪಾಚಿಯಂತೆ ಹಸಿರಾಗಿದ್ದವು.

ಎದ್ದೆನೋ ಬಿದ್ದೆನೋ ಎಂದು ಮೇಲಕ್ಕೆ ಓಡಿದ. ಅಲ್ಲಿ ಮೇಲ್ಮನೆಯವನು ಹಾಡು ಹೇಳಿಕೊಂಡು ನೀಲಿ ಕೊಳೆನೀರು ಚೆಲ್ಲುತ್ತಿದ್ದ.

"ಅಯ್ಯೋ, ಏನು ಮಾಡಿದೆಯೋ! ನನ್ನ ಮನೆ ಹಾಳಾಯಿತಲ್ಲೋ!"

"ಯಾಕಪ್ಪಾ, ಕಟ್ಟಳೆ ತೆಗೆಸಿದ ಪುಣ್ಯಾತ್ಮ ನೀನೇ ಅಲ್ಲವೇ? ಸಂಜೆಯ ತನಕ ಕಾಯುವ ಗೋಳು ತಪ್ಪಿತು. ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು!"

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯ ನಕ್ಕುಬಿಟ್ಟ.

"ಎಂಥ ಮೂಢ, ಗುರುಗಳೇ! ಕೆಳಗಿನವನನ್ನೇ ನೋಡುತ್ತಾ ಮೇಲಿನವನನ್ನು ಮರೆತ. ಆದರೆ ನಮ್ಮ ಮಠದ ಕಟ್ಟಳೆಯ ಮಾತು ಬೇರೆ. ಅದನ್ನು ತೆಗೆಯಬಹುದಲ್ಲವೇ?"

"ಧಾರಾಳವಾಗಿ ತೆಗೆಯೋಣ, ನಾಳೆಯೇ ತೆಗೆಯೋಣ," ಎಂದರು ಗುರುಗಳು. "ಅದಿರಲಿ, ನೀನು ಬಾಯಿ ಹಾಕಬೇಕೆಂದಿರುವುದು ಯಾರ ಪಾಠದ ನಡುವೆ?"

ಹಜಾರದಿಂದ ಮರುಳಯ್ಯನ ದನಿ ಕೇಳುತ್ತಲೇ ಇತ್ತು. "ಕಟ್ಟಳೆ ಇರಲಿ ಬಿಡಿ, ಗುರುಗಳೇ" ಎಂದ ಸಂಗಯ್ಯ.