ಚಾಪೆಯಷ್ಟು ಜಾಗ

"ಗುರುಗಳೇ, ಯಾವ ಕಾಗದ ಇಟ್ಟುಕೊಳ್ಳಬೇಕು, ಯಾವುದನ್ನು ಒಲೆಗೆ ಹಾಕಬೇಕು? ನನ್ನ ಕೋಣೆ ತುಂಬಿಹೋಗಿದೆ. ಯಾವುದನ್ನು ಎತ್ತಿದರೂ ಬೇಕು ಅನ್ನಿಸುತ್ತದೆ" ಎಂದು ಮಠದ ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು: "ನಾನು ಅಕ್ಷರ ಕಲಿತವನಲ್ಲ. ಆದರೆ ಕಾಗದದ ವಿಷಯದಲ್ಲಿ ನನ್ನಷ್ಟು ಕಂಡವನು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಕೇಳು."

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಮನೆಗೆ ಬಂದ ಕಾಗದ ಹೊರಗೆ ಹೋದದ್ದಿಲ್ಲ. ಕರೆಂಟ್ ಬಿಲ್ಲು, ಬಸ್ ಟಿಕೆಟ್ಟು, ಬಟ್ಟೆ ಅಂಗಡಿಯ ರಸೀದಿ, ದೇವರ ಚಿತ್ರವಿದ್ದ ಹಳೆಯ ಕ್ಯಾಲೆಂಡರು, ಮೂಲೆಗೆ ಅರಿಸಿನ ಹಚ್ಚಿದ ಲಗ್ನಪತ್ರಿಕೆ, ಎಲ್ಲವೂ ಅಲ್ಲೇ. ಕಾಗದವೆಂದರೆ ಸರಸ್ವತಿ ಎನ್ನುತ್ತಿದ್ದ. ಕಾಲಿಗೆ ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಮಗಳಿಗೂ ಅದನ್ನೇ ಕಲಿಸಿದ್ದ. ಗೋಡೆಯ ತಂತಿಕೊಕ್ಕೆಗೆ ಸಿಕ್ಕಿಸಿದ, ತಂತಿ ತುಂಬಿತು. ಟ್ರಂಕಿಗೆ ಹಾಕಿದ, ಟ್ರಂಕೂ ತುಂಬಿತು. ಆಮೇಲೆ ಒಳಕೋಣೆಯಲ್ಲಿ ಒಟ್ಟತೊಡಗಿದ. ಆ ಕೋಣೆಗೆ ಹೊಕ್ಕ ಇಲಿಯೊಂದು ದಾರಿ ತಪ್ಪಿ, ಕೊನೆಗೆ ಮರಿಮೊಮ್ಮಕ್ಕಳನ್ನು ಕಟ್ಟಿಕೊಂಡು ಹೊರಗೆ ಬಂತು. ನಾನೇ ನೋಡಿದ್ದೇನೆ. ನಗಬೇಡ.

ಆ ಒಳಕೋಣೆ ಬಾಣಂತಿಯ ಕೋಣೆ. ಬಚ್ಚಲಿಗೆ ಹತ್ತಿರ, ಥಂಡಿಗಾಳಿ ನುಗ್ಗದ ಜಾಗ. ವ್ಯಾಪಾರಿಯ ಹೆಂಡತಿ ಹಸುಗೂಸು ಮಗಳನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದು ಅಲ್ಲೇ. ಈಗ ಆ ಮಗಳು ತುಂಬು ಬಸುರಿ. ಹೆರಿಗೆ ಆಸ್ಪತ್ರೆಯಲ್ಲಾದರೂ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. "ಕಳಿಸಿಕೊಡಿ, ಎಲ್ಲ ಸಿದ್ಧವಿದೆ" ಎಂದು ವ್ಯಾಪಾರಿ ಬೀಗರಿಗೆ ಹೇಳಿಕಳಿಸಿದ.

ಹೆಂಡತಿ ಕೋಣೆ ತೆರವು ಮಾಡಿ ಎಂದಳು. ಅಮಾವಾಸ್ಯೆ ಕಳೆಯಲಿ ಎಂದ. ಕಳೆಯಿತು. ಮಂಗಳವಾರ ಮನೆಯಿಂದ ಏನನ್ನೂ ಹೊರಹಾಕಬಾರದು ಎಂದ. ಶುಕ್ರವಾರವೂ ಹಾಗೇ ಎಂದ. ಕಡೆಗೊಂದು ದಿನ ಕೂತ. ಒಂದೊಂದೇ ಕಾಗದ ಎತ್ತಿ, ಓದಿ, ಬಲಗಡೆಯದನ್ನು ಎಡಗಡೆಗೆ ಇಟ್ಟ. ಸಂಜೆಗೆ ರಾಶಿ ಜಾಗ ಬದಲಿಸಿತ್ತು, ಕರಗಿರಲಿಲ್ಲ.

ಹೆಂಡತಿ ಒಂದು ಚೀಟಿ ಎತ್ತಿ ಹಿಡಿದಳು. "ಇದು ಎತ್ತಿನ ಔಷಧಿ ಚೀಟಿ. ಎತ್ತು ಸತ್ತು ಕೊಂಬೂ ಮಣ್ಣಾಯಿತು. ಎದ್ದು ಬಂದರೆ ಕುಡಿಸ್ತೀರಾ?"

"ನಿನಗೇನು ಗೊತ್ತು. ಬಿಸಾಡಿದ ಮಾರನೇ ದಿನವೇ ಬೇಕಾಗೋದು" ಎಂದು ಕಿತ್ತುಕೊಂಡ.

ಮಗಳು ಬಂದಳು. ಜೊತೆಗೆ ಅವಳ ಅತ್ತೆ. ತಾಯಿ ಕೆಂಪು ನೀರಿನ ಆರತಿ ಎತ್ತಿದಳು. ಆ ನೀರನ್ನು ಬಾಗಿಲ ಮುಂದೆ ಚೆಲ್ಲುವ ಮೊದಲೇ ಮಗಳು ಸೊಂಟ ಹಿಡಿದುಕೊಂಡು ನೇರ ಒಳಕೋಣೆಗೆ ನಡೆದಳು. ಎಲ್ಲಾದರೂ ಮೈ ಚಾಚಿದರೆ ಸಾಕಾಗಿತ್ತು ಅವಳಿಗೆ. ಬಾಗಿಲು ಅರ್ಧ ತೆರೆಯಿತು. ರಾಶಿ ಜಾರಿ ಅವಳ ಪಾದದ ಮೇಲೆ ಬಿತ್ತು.

ಅವಳು ಬಗ್ಗಲು ನೋಡಿದಳು. ಕಾಗದ ಕಾಲಿಗೆ ತಾಗಿತ್ತಲ್ಲ, ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಹೊಟ್ಟೆ ಬಿಡಲಿಲ್ಲ. ಗೋಡೆ ಹಿಡಿದು ಮತ್ತೆ ಬಗ್ಗಲು ನೋಡಿದಳು. ವ್ಯಾಪಾರಿ ಪಕ್ಕದಲ್ಲೇ ನಿಂತಿದ್ದ. ಅವನ ಎರಡು ಕೈಗಳೂ ಉಳಿದ ರಾಶಿ ಬೀಳದಂತೆ ತಡೆದು ಹಿಡಿದಿದ್ದವು.

ಅತ್ತೆ ಬಂದು ಸೊಸೆಯ ರಟ್ಟೆ ಹಿಡಿದಳು. "ಬೀಗರೇ, ನಿಮ್ಮ ಮನೆಯಲ್ಲಿ ಆಗಲೇ ಕಾಗದದ ಬಾಣಂತನ ನಡೀತಾ ಇದೆ. ಎರಡೆರಡು ಅಂದರೆ ನಿಮಗೆ ಕಷ್ಟ. ಇವಳದ್ದು ನಾವೇ ನೋಡ್ಕೋತೀವಿ."

ಮಗಳು ಬೈಯಲಿಲ್ಲ. "ಒಂದು ಚಾಪೆ ಹಾಸುವಷ್ಟು ಜಾಗ ಸಾಕಿತ್ತು, ಅಪ್ಪಾ" ಎಂದಳು. ಬಂದ ಕಾರಿನಲ್ಲೇ ತಿರುಗಿ ಹೋದಳು. ತಾಯಿಯ ತಟ್ಟೆಯಲ್ಲಿ ಆರತಿ ನೀರು ಹಾಗೇ ಇತ್ತು. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು. ವ್ಯಾಪಾರಿ ಹೆಗಲ ಟವೆಲನ್ನು ಮುಖಕ್ಕೆ ಎಳೆದುಕೊಂಡ.

ಮನೆಯ ಪತ್ರ, ಹೊಲದ ಪಹಣಿ, ಇಂಥವನ್ನಷ್ಟೇ ಟ್ರಂಕಿಗೆ ಹಾಕಿ ಮಿಕ್ಕದ್ದನ್ನೆಲ್ಲ ಬಚ್ಚಲೊಲೆಯ ಬಾಯಿಗೆ ಒಟ್ಟಿದ. ಅಂದೇ ಹೊತ್ತು ಮುಳುಗುವ ಮೊದಲು ವಿಂಗಡಿಸಿ ಮುಗಿದಿತ್ತು. ಅಷ್ಟೇ ಕೆಲಸ ಅದು. ಆ ಒಲೆ ಒಂದು ಮಳೆಗಾಲ ಪೂರ್ತಿ ಆರಲಿಲ್ಲ. ಊರ ಬಾವಿಯ ನೀರೂ ಬೆಚ್ಚಗಾಗಿತ್ತು ಎಂದರೆ ನೀನು ನಂಬಲಿಕ್ಕಿಲ್ಲ. ಬಾಣಂತಿಗೆ ಎರೆಯುವಂಥ ನೀರು ಹಂಡೆಯಲ್ಲಿ ದಿನವೂ ಕುದಿಯಿತು. ಎರೆಸಿಕೊಳ್ಳುವವಳು ಆ ಮನೆಯಲ್ಲಿ ಇರಲಿಲ್ಲ.

ಗುರುಗಳು ನಿಲ್ಲಿಸಿದರು. ಬಾವಿಯ ಮಾತಿಗೆ ನಗು ಬಂದಿದ್ದರೂ ಶಿಷ್ಯ ತಡೆದುಕೊಂಡ. "ಆದರೂ ಗುರುಗಳೇ, ಯಾವುದು ಬೇಕು, ಯಾವುದು ಬೇಡ ಎಂದು ತಿಳಿಯುವುದು ಹೇಗೆ?"

"ನಿನ್ನೆ ನಿನ್ನನ್ನು ನೋಡಲು ಅಷ್ಟು ದೂರದಿಂದ ಬಂದ ನಿನ್ನ ಅಕ್ಕ, ಬಿಸಿಲಲ್ಲಿ ಬಾವಿಕಟ್ಟೆಯ ಮೇಲೆ ಕೂತು ಎದ್ದು ಹೋದದ್ದು ಯಾಕೆ?"