ಕೋಡಂಗಿ ಕತೆ ಮರೆತದ್ದು

ವೇದಾವತಿಯ ದಂಡೆಯಲ್ಲಿ ಹುಚ್ಚಯ್ಯ ಗುರುಗಳ ಆಶ್ರಮ. ಅಲ್ಲಿ ಜಪಕ್ಕಿಂತ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದೇ ಹೆಚ್ಚು. ಗುರುಗಳಿಗೆ ಅದೇ ತಪಸ್ಸು.

ಒಂದು ದಿನ ನಾಗವೇಣಿ ಎಂಬ ಹುಡುಗಿ ಹೆಗಲಿಗೆ ಗೊಂಬೆಗಳ ಗಂಟು ನೇತುಹಾಕಿಕೊಂಡು, ತಾತನ ಕೈ ಹಿಡಿದುಕೊಂಡು ಬಂದಳು.

"ಏನು ಬೇಕಮ್ಮಾ?" ಎಂದರು ಗುರುಗಳು.

"ಕೈ ಬೇಕು ಗುರುಗಳೇ. ಇವರು ನಮ್ಮ ತಾತ, ಸೂತ್ರದ ಗೊಂಬೆಯಾಟದ ಓಬಳಪ್ಪ. ಈಗ ಕೈ ನಡುಗುತ್ತೆ, ದಾರ ನಿಲ್ಲಲ್ಲ. ಈ ಗಂಟು ಬಿಚ್ಚಿ ಎಷ್ಟು ಕಾಲವಾಯಿತೋ! ದಾರ ಎಳೆಯೋಕೆ ಮೋಟಾರು ತಂದಿದ್ದೀನಿ. ಅದಕ್ಕೆ ಬುದ್ಧಿ ಹೇಳೋದು ಕಲಿಸಿಕೊಡಿ."

ಗುರುಗಳು ಕಂಪ್ಯೂಟರಿನ ಸಿ ಭಾಷೆ ಕಲಿಸಿದರು. ಹುಡುಗಿ ಚುರುಕು. ಅವಳ ಪ್ರೋಗ್ರಾಂ ದಾರ ಎಳೆಯಿತು, ಕೋಡಂಗಿ ಗೊಂಬೆ ಥೈ ಥೈ ಕುಣಿಯಿತು. ತಾತ "ಭಲೇ!" ಎಂದ.

ಆದರೆ ತಾತನ ಆಟವೆಂದರೆ ಸುಮ್ಮನೆಯೇ? ಮುಂದೆ ಕೂತ ಮಕ್ಕಳು "ರಾಕ್ಷಸನ್ನ ಸಾಯಿಸಬೇಡ ತಾತಾ" ಅಂದರೆ ಮುಗಿಯಿತು, ಕತೆ ಅಲ್ಲೇ ತಿರುಗುತ್ತದೆ. ಪ್ರೋಗ್ರಾಂ ಹಾಗೆ ತಿರುಗಬೇಕಲ್ಲ! ಅದನ್ನು ನಿಲ್ಲಿಸಬೇಕು, ತಿದ್ದಬೇಕು, ಯಂತ್ರಕ್ಕೆ ತಿಳಿಯುವಂತೆ ಕಂಪೈಲ್ ಮಾಡಿ ಮತ್ತೆ ಶುರು ಮಾಡಬೇಕು. ಅಷ್ಟು ಹೊತ್ತೂ ಗೊಂಬೆಗಳು ಅಂಗಾತ ಬಿದ್ದಿರುತ್ತಿದ್ದವು.

"ನನ್ನ ಗೊಂಬೆ ಮಾತುಮಾತಿಗೂ ಮೂರ್ಛೆ ಹೋಗ್ತವಲ್ಲವ್ವಾ," ಎಂದ ತಾತ.

ಗುರುಗಳು ನಕ್ಕರು. "ಮನೆ ಸಿ ಭಾಷೆಯದೇ ಇರಲಿ, ಒಳಗೆ ಲಿಸ್ಪ್ ಅನ್ನೋ ಇನ್ನೊಂದು ಭಾಷೇನ ಕೂರಿಸು. ಆಟ ನಡೀತಿರುವಾಗಲೇ ಹೊಸ ಕತೆ ಹೇಳು, ಅದು ಕೇಳುತ್ತೆ. ದಾರ ಎಳೆಯೋ ಕೆಲಸ ಸಿ ಮಾಡಲಿ, ಕತೆ ನಡೆಸೋ ಕೆಲಸ ಲಿಸ್ಪ್ ಮಾಡಲಿ."

ನಾಗವೇಣಿ ಕೂರಿಸಿದಳು. ಈಗ ತಾತ ಹೇಳುತ್ತಿದ್ದ, ಅವಳು ಟೈಪ್ ಮಾಡುತ್ತಿದ್ದಳು, ಕೋಡಂಗಿ ನಿಲ್ಲದೆಯೇ ದಾರಿ ಬದಲಿಸುತ್ತಿದ್ದ. ಅವಳಿಗೆ ಹಿಡಿಸಲಾರದಷ್ಟು ಖುಷಿ. ನಾಳೆ ಸಂಜೆ ಹೊಳೆದಂಡೆಯಲ್ಲಿ ಓಬಳಪ್ಪನ ಆಟ ಎಂದು ಊರಿಗೆಲ್ಲ ಹೇಳಿಕಳಿಸಿಬಿಟ್ಟಳು.

ಮಾರನೆಯ ಬೆಳಿಗ್ಗೆ ಆಡಿಸಿ ನೋಡಿದರೆ, ಅರ್ಧ ಆಟಕ್ಕೆ ಕೋಡಂಗಿ ಒಂದು ಕಾಲೆತ್ತಿ ಹಾಗೇ ನಿಂತುಬಿಟ್ಟ. ಮತ್ತೆ ಆಡಿಸಿದಳು. ಮತ್ತೆ ಅದೇ ಕತೆ.

ನಾಗವೇಣಿ ಅಳುಮೋರೆ ಹಾಕಿಕೊಂಡು ಗುರುಗಳ ಹತ್ತಿರ ಓಡಿದಳು.

"ಲಿಸ್ಪ್ ಮೋಸ ಮಾಡ್ತಿದೆ ಗುರುಗಳೇ! ಅದು ಕಟ್ಟಿಕೊಟ್ಟ ಕತೆ ಎಲ್ಲಿದೆ ಅಂತ ಸಿ ಕಡೆ ಗುರುತು ಹಾಕಿಟ್ಟಿದ್ದೆ. ಗುರುತು ಇದೆ, ಅಲ್ಲಿ ಹೋಗಿ ನೋಡಿದರೆ ಕತೆಯೇ ಇಲ್ಲ. ಆಗಾಗ ಮೆಮೊರಿಯಲ್ಲಿ ಬೇಡದ್ದನ್ನೆಲ್ಲ ಎಸೆದು ತನ್ನ ಮನೆ ಗುಡಿಸಿಕೊಳ್ಳುತ್ತಲ್ಲ, ಆಗ ನನ್ನ ಕತೆಯನ್ನೂ ಎತ್ತಿ ಎಸೆದಿದೆ."

"ಗುಡಿಸೋದು ನಿಲ್ಲಿಸಿ ನೋಡಿದೆಯಾ?"

"ನೋಡಿದೆ. ಮೆಮೊರಿ ತುಂಬ ಕಸ ತುಂಬಿ ಎಲ್ಲಾ ಗೊಂಬೆಗಳೂ ನಿಂತವು. ಸಂಜೆ ಜನ ಬರ್ತಾರೆ. ತಾತ ಆಗಲೇ ಪೇಟ ಸುತ್ತಿಕೊಂಡು ಕೂತಿದ್ದಾನೆ. ಅವನಿಗೆ ಏನಂತ ಹೇಳಲಿ?"

ಗುರುಗಳು ಎದ್ದರು. ಪೊರಕೆ ತೆಗೆದುಕೊಂಡು ಜಗಲಿ ಗುಡಿಸತೊಡಗಿದರು.

ಮಧ್ಯಾಹ್ನ ಅಡಿಗೆಯವರು ಆಟದ ಸಂಭ್ರಮಕ್ಕೆ ಹೋಳಿಗೆ ಮಾಡಿದ್ದರು. ನಾಗವೇಣಿಗೆ ತಿನ್ನುವ ಮನಸ್ಸಿಲ್ಲ. ಕೋಡಂಗಿ ಕುಣಿದ ಮೇಲೆ ತಿಂದರಾಯಿತು ಎಂದು ಎಲೆಯಲ್ಲಿ ಸುತ್ತಿ ಕಂಬದ ಹಿಂದೆ ಇಟ್ಟು ಹೋದಳು. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ಎಲೆಯೂ ಇಲ್ಲ, ಹೋಳಿಗೆಯೂ ಇಲ್ಲ. ಗುರುಗಳು ಪೊರಕೆ ಹಿಡಿದು ನಿಂತಿದ್ದರು.

"ಗುರುಗಳೇ, ನನ್ನ ಹೋಳಿಗೆ?"

"ಗುಡಿಸಿಬಿಟ್ಟೆ."

"ಅಯ್ಯೋ! ತುಪ್ಪ ಹಾಕಿದ ಹೋಳಿಗೇನ ಯಾರಾದರೂ ಗುಡಿಸ್ತಾರಾ?"

"ಎಲ್ಲರ ಕೈ ನೋಡಿದೆ. ಎಲ್ಲರ ತಟ್ಟೆ ನೋಡಿದೆ. ಅದನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಯಾರಿಗೂ ಬೇಡವೇನೋ ಅಂದುಕೊಂಡೆ."

"ನನಗೆ ಬೇಕಾಗಿತ್ತು! ಎಲ್ಲಿಟ್ಟಿದ್ದೀನಿ ಅಂತ ಚೆನ್ನಾಗಿ ನೆನಪಿತ್ತು!"

"ನೆನಪು ನಿನ್ನ ತಲೆಯೊಳಗಿತ್ತು. ಪೊರಕೆ ಹಿಡಿದವನು ಅಲ್ಲಿಗೆ ಹೇಗಮ್ಮಾ ಇಣುಕಬೇಕು? ಅವನಿಗೆ ಹೇಳಿದ್ದೆಯಾ?"

 ನಾಗವೇಣಿ "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡು ಒಳಗೆ ಓಡಿದಳು.

ಸಿ ಕಡೆ ತಾನು ಹಾಕಿದ ಗುರುತು ಲಿಸ್ಪಿಗೆ ಕಾಣುವುದೇ ಇಲ್ಲ! ಕತೆ ಅದಕ್ಕೆ ದಿಕ್ಕಿಲ್ಲದ ಕಸದಂತೆ ಕಂಡಿತ್ತು, ಗುಡಿಸಿತ್ತು. ಪಾಪ, ಅದರ ತಪ್ಪೇನು? ಅವಳು ಒಂದೇ ಒಂದು ಸಾಲು ಸೇರಿಸಿದಳು. ಇಲ್ಲಿ ಗುರುತು ಹಾಕಿರುವುದೆಲ್ಲ ನನಗೆ ಬೇಕು, ಗುಡಿಸಬೇಡ ಎಂದು ಲಿಸ್ಪಿಗೆ ಹೇಳುವ ಸಾಲು.

ಕೋಡಂಗಿ ಎತ್ತಿದ ಕಾಲು ಇಳಿಸಿ ಕುಣಿದ. ಕುಣಿಯುತ್ತಲೇ ಇದ್ದ.

ನಾಗವೇಣಿ ಸಿಹಿಸುದ್ದಿ ಹೇಳಲು ಓಡಿಬಂದವಳು ಗಕ್ಕನೆ ನಿಂತಳು. "ಗುರುಗಳೇ, ನಿಮ್ಮ ಗಡ್ಡದಲ್ಲಿ ತುಪ್ಪ!"

"ಗುಡಿಸಿದ್ದು ಎಲ್ಲಿಗಾದರೂ ಹೋಗಬೇಕಲ್ಲಮ್ಮಾ," ಎಂದು ಗುರುಗಳು ಗಡ್ಡ ಒರೆಸಿಕೊಂಡರು.

ಸಂಜೆ ದಂಡೆಯ ತುಂಬ ಜನ. ತಾತ ಪೇಟ ಸರಿಮಾಡಿಕೊಂಡು ಕತೆ ಎತ್ತಿದ. ರಾಕ್ಷಸ ಬಂದದ್ದೇ ತಡ, ಮಕ್ಕಳು ಕೂಗಿದವು. "ಸಾಯಿಸಬೇಡ ತಾತಾ! ಮದುವೆ ಮಾಡಿಸು!"

"ಹೆಣ್ಣು ಎಲ್ಲಿಂದ ತರಲಿ ಮಕ್ಕಳಾ?"

"ಕೋಡಂಗಿ ತಂಗಿ! ಕೋಡಂಗಿ ತಂಗಿ!"

ತಾತ ಅಲ್ಲೇ ಕತೆ ತಿರುಗಿಸಿದ, ನಾಗವೇಣಿಯ ಬೆರಳು ಓಡಿದವು. ಲಿಸ್ಪ್ ನಡುವೆ ಎಷ್ಟು ಸಲ ಮನೆ ಗುಡಿಸಿತೋ ಏನೋ, ಕೋಡಂಗಿ ಮಾತ್ರ ಒಂದು ಹೆಜ್ಜೆಯೂ ತಪ್ಪಲಿಲ್ಲ. ರಾಕ್ಷಸ ನಾಚಿಕೊಂಡು ತಲೆ ತಗ್ಗಿಸಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಟ ಮುಗಿದು ಜನ ಚದುರಿದರು. ತಾತ ಹೊಳೆಯ ಮೆಟ್ಟಿಲ ಮೇಲೆ ಒಬ್ಬನೇ ಕೂತು, ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಳ್ಳುತ್ತಿದ್ದ.

"ಗೊಂಬೆಗಳಿಗೆ ಗಟ್ಟಿ ಕೈ ಬಂತು ಕಣವ್ವಾ," ಎಂದ ನಗುತ್ತ. "ಇನ್ನು ಈ ಮುದುಕ ಯಾರಿಗೆ ಬೇಕು? ನಾಳೆ ಊರಿಗೆ ಹೋಗಿ ಒಂದು ಮೂಲೇಲಿ ಬಿದ್ದಿರ್ತೀನಿ."

"ಹೋಗು ತಾತಾ, ಏನೇನೋ ಹೇಳ್ತೀಯ," ಎಂದು ಅವಳೂ ನಕ್ಕು ಗುರುಗಳ ಹತ್ತಿರ ಓಡಿದಳು. ಸಂತೋಷಕ್ಕೆ ಅವಳ ಕಾಲು ನೆಲದ ಮೇಲಿರಲಿಲ್ಲ.

"ನೋಡಿದಿರಾ ಗುರುಗಳೇ? ಒಂದೇ ಒಂದು ಕತೆಯೂ ಕಳೆದುಹೋಗಲಿಲ್ಲ!"

ಗುರುಗಳು ಮೆಟ್ಟಿಲ ಕಡೆ ನೋಡಿದರು.

"ಬೇಕು ಅಂತ ಲಿಸ್ಪಿಗೆ ಹೇಳಿದೆ, ಸರಿ. ತಾತನಿಗೆ ಹೇಳಿದೆಯಾ?"